ಹೊರದೇಶದ ತೊಗರಿಗೆ ಕಡಿವಾಣ ಯಾರ ಕೈಯಲ್ಲಿದೆ?

ಪ್ರಶ್ನೆ: ಸರ್, ನಾನು ಚಿತ್ತಾಪುರ ತಾಲ್ಲೂಕಿನವನು. ಅಪ್ಪ ತೊಗರಿ ಬೆಳೆಯುತ್ತಾರೆ. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ರಾಶಿ ಗಂಜ್‌ಗೆ, ಅಂದರೆ ಮಾರುಕಟ್ಟೆಗೆ, ಬರುವ ಹೊತ್ತಿಗೇ ಮಿಲ್ ಗೋದಾಮಿನಲ್ಲಿ ಮೊಜಾಂಬಿಕ್ ಚೀಲಗಳು ಸಾಲಾಗಿ ಕೂತಿರುತ್ತವೆ. ಕೇಳಿದರೆ 'ಡಬ್ಲ್ಯೂಟಿಒ ರೂಲ್ ಇದೆ, ಸರ್ಕಾರದ ಕೈ ಕಟ್ಟಿದೆ' ಅಂತಾರೆ. ಇದು ನಿಜವೇ? ದೇಶಗಳ ನಡುವಿನ ವ್ಯಾಪಾರಕ್ಕೆ ಕಾನೂನು ಮಾಡುವವರು ಯಾರು? ಬೆಂಬಲ ಬೆಲೆಗಿಂತ ಕಡಿಮೆ ದರದ ಮಾಲು ಒಳಗೆ ಬರಬಾರದು ಅಂತ ಕೇಳುವುದು ತಪ್ಪಾ? ನಮ್ಮ ರೈತ ಉತ್ಪಾದಕ ಕಂಪನಿ ಬೇಳೆಯನ್ನು ಹೊರದೇಶಕ್ಕೆ ಕಳಿಸಬೇಕು ಅಂತಿದೆ. ಊರಿನ ಹೆಸರಿಗೆ ಸಿಗುವ ಜಿಐ (ಭೌಗೋಳಿಕ ಗುರುತು) ಟ್ಯಾಗ್‌ನಿಂದ ಅದಕ್ಕೆ ಉಪಯೋಗವಿದೆಯಾ?

ಉತ್ತರ: ಗಂಜ್‌ನಲ್ಲಿ ನೀವು ಕೇಳಿದ ಮಾತಿನಲ್ಲಿ ಕಾಲು ಭಾಗ ನಿಜ ಇದೆ. ನಿಯಮಗಳು ಡಬ್ಲ್ಯೂಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ, ಕಚೇರಿ ಇರುವ ಜಿನೀವಾದಲ್ಲಿವೆ, ಹೌದು. ಆದರೆ ತೊಗರಿಯ ಮಟ್ಟಿಗೆ ಆ ನಿಯಮಗಳು ಭಾರತಕ್ಕೆ ಸಾಕಷ್ಟು ಜಾಗ ಬಿಟ್ಟಿವೆ. ಆ ಜಾಗ ಬಳಸುವುದೂ ಬಿಡುವುದೂ ದೆಹಲಿಯ ತೀರ್ಮಾನ. ಇದು ಗೊತ್ತಿಲ್ಲದೆ ನಮ್ಮ ರೈತರು ಎಷ್ಟೋ ವರ್ಷದಿಂದ ತಪ್ಪು ಬಾಗಿಲು ಬಡಿಯುತ್ತಿದ್ದಾರೆ ಅನ್ನೋದು ನನ್ನ ಸಂಕಟ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ.

ಜಗತ್ತಿನ ವ್ಯಾಪಾರಕ್ಕೆ ಅಂತ ಒಂದು ಸರ್ಕಾರ ಇಲ್ಲ. ಇರುವುದು ಒಪ್ಪಂದಗಳು. 1930ರ ದಶಕದಲ್ಲಿ ದೇಶಗಳು ಪೈಪೋಟಿಯ ಮೇಲೆ ಸುಂಕ ಏರಿಸಿ, ಕೊನೆಗೆ ಎಲ್ಲರ ವ್ಯಾಪಾರವೂ ನೆಲಕಚ್ಚಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, 23 ದೇಶಗಳು ಸೇರಿ 'ಗ್ಯಾಟ್' ಎಂಬ ಒಪ್ಪಂದ ಮಾಡಿಕೊಂಡವು. ಆ 23ರಲ್ಲಿ ಭಾರತವೂ ಇತ್ತು. ಮುಂದಿನ ನಾಲ್ಕು ದಶಕ ಕಾರ್ಖಾನೆ ಮಾಲಿನ ಸುಂಕ ಇಳಿಯುತ್ತಾ ಹೋಯಿತು, ಕೃಷಿ ಮಾತ್ರ ಬಹುಪಾಲು ಹೊರಗೇ ಉಳಿಯಿತು. 1986ರಲ್ಲಿ ಉರುಗ್ವೆಯಲ್ಲಿ ಶುರುವಾದ ಮಾತುಕತೆ 1994ರ ಏಪ್ರಿಲ್‌ನಲ್ಲಿ ಮೊರಾಕೊ ದೇಶದ ಮರಾಕೇಶ್ ನಗರದಲ್ಲಿ ಸಹಿಯಾಗಿ ಮುಗಿಯಿತು. 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ನೀವು ಹೇಳುವ ಡಬ್ಲ್ಯೂಟಿಒ, ಹುಟ್ಟಿತು. ಕೃಷಿ ಒಪ್ಪಂದವೂ ಅದರ ಜೊತೆಗೇ ಬಂತು. 2024ರಲ್ಲಿ ಕೊಮೊರೊಸ್ ಮತ್ತು ಟಿಮೋರ್-ಲೆಸ್ಟೆ ಸೇರಿದ ಮೇಲೆ ಸದಸ್ಯರ ಸಂಖ್ಯೆ 166 ಆಗಿದೆ.

ಒಂದು ಮಾತು ಗಮನದಲ್ಲಿಡಿ. ಅಲ್ಲಿ ದೂರು ಕೊಡುವ ಹಕ್ಕು ಇರುವುದು ಸದಸ್ಯ ಸರ್ಕಾರಗಳಿಗೆ ಮಾತ್ರ. ರೈತ ಸಂಘ, ಮಿಲ್ ಮಾಲೀಕರು, ರಾಜ್ಯ ಸರ್ಕಾರ ಯಾರೂ ನೇರವಾಗಿ ಜಿನೀವಾಕ್ಕೆ ಹೋಗಲು ಬರುವುದಿಲ್ಲ.

ನಿಯಮಗಳ ಪುಸ್ತಕ ದೊಡ್ಡದು. ನಮ್ಮ ಕೆಲಸಕ್ಕೆ ಬೇಕಾದದ್ದು ಕೆಲವೇ. ಒಂದು ಸದಸ್ಯ ದೇಶಕ್ಕೆ ಕೊಟ್ಟ ಸುಂಕದ ಸೌಲಭ್ಯವನ್ನು ಉಳಿದ ಸದಸ್ಯರಿಗೂ ಕೊಡಬೇಕು. ಹೊರಗಿನ ಮಾಲು ಸುಂಕ ಕಟ್ಟಿ ಒಳಗೆ ಬಂದ ಮೇಲೆ ತೆರಿಗೆ, ಕಾನೂನಿನಲ್ಲಿ ಅದಕ್ಕೂ ನಮ್ಮ ಮಾಲಿಗೂ ಭೇದ ಮಾಡಬಾರದು. ಆಮದನ್ನು ತಡೆಯುವುದಿದ್ದರೆ ಸುಂಕ ಹಾಕಿ ತಡೆಯಬೇಕು, 'ಇಷ್ಟೇ ಟನ್ ಬರಲಿ' ಎಂದು ಪ್ರಮಾಣಕ್ಕೆ ಕಟ್ಟು ಹಾಕಬಾರದು. ಇವೆಲ್ಲಕ್ಕೂ ವಿನಾಯಿತಿಗಳಿವೆ. ಬಡ ದೇಶಗಳಿಗೆ ಕಡಿಮೆ ಸುಂಕ, ಎರಡು ದೇಶಗಳ ನಡುವಿನ ಮುಕ್ತ ವ್ಯಾಪಾರ ಒಪ್ಪಂದ, ಜನರ ಆರೋಗ್ಯದ ರಕ್ಷಣೆ, ಹೀಗೆ.

ಇನ್ನು ಸುಂಕ. ಪ್ರತಿ ದೇಶವೂ ಪ್ರತಿಯೊಂದು ಕೃಷಿ ಮಾಲಿಗೆ 'ಇದಕ್ಕಿಂತ ಜಾಸ್ತಿ ಸುಂಕ ಹಾಕುವುದಿಲ್ಲ' ಎಂದು ಒಂದು ಮಿತಿ ಬರೆದುಕೊಟ್ಟಿದೆ. ಎತ್ತನ್ನು ಗೂಟಕ್ಕೆ ಕಟ್ಟಿದ ಹಗ್ಗ ಇದ್ದ ಹಾಗೆ ಅದು. ಹಗ್ಗ ಎಷ್ಟು ಉದ್ದ ಇದೆಯೋ ಅಷ್ಟರೊಳಗೆ ಎಲ್ಲಿ ಬೇಕಾದರೂ ಮೇಯಬಹುದು. ಭಾರತದ ಹಗ್ಗ ಬಹಳ ಉದ್ದ. ಸಂಸ್ಕರಿಸದ ಕೃಷಿ ಮಾಲಿಗೆ ಸಾಮಾನ್ಯವಾಗಿ ಶೇ 100, ಸಂಸ್ಕರಿಸಿದ್ದಕ್ಕೆ ಶೇ 150, ಖಾದ್ಯ ತೈಲಕ್ಕೆ ಶೇ 300. ಸೋಯಾ ಎಣ್ಣೆಯಂಥ ಕೆಲವಕ್ಕೆ ಮಾತ್ರ ಇದು ಕಡಿಮೆ. ಈಗ ಈ ಮಿತಿಯ ಪಕ್ಕದಲ್ಲಿ ತೊಗರಿಯ ನಿಜವಾದ ಸುಂಕ ಇಟ್ಟು ನೋಡಿ. 2017ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ತೊಗರಿಗೆ ಶೇ 10ರಷ್ಟು ಸುಂಕ ಹಾಕಿತು. 2023ರ ಮಾರ್ಚ್‌ನಲ್ಲಿ ಒಡೆಯದ ತೊಗರಿ ಕಾಳಿನ ಮೇಲಿನ ಆ ಸುಂಕವನ್ನೂ ತೆಗೆದುಹಾಕಿತು. ಎರಡನ್ನೂ ಜಿನೀವಾ ಹೇಳಿ ಮಾಡಿಸಿದ್ದಲ್ಲ.

ನಿಮ್ಮ ಗೋದಾಮಿನ ಆ ಚೀಲ ಹೇಗೆ ಬಂತು ನೋಡೋಣ. ಲೆಕ್ಕ ಬರೆಯುವವರು ನೀವು, ನಿಮಗೆ ಇದು ಬೇಗ ಹಿಡಿಯುತ್ತದೆ. ಮೊಜಾಂಬಿಕ್‌ನ ನಕಾಲಾ ಬಂದರಿನಲ್ಲಿ 20 ಅಡಿ ಕಂಟೇನರ್‌ಗೆ ಸುಮಾರು 25 ಟನ್ ತೊಗರಿ ತುಂಬುತ್ತಾರೆ. ವ್ಯಾಪಾರಿಗಳು 'ಗಜ್ರಿ' ಅನ್ನುವುದು ಅದೇ ಮಾಲಿಗೆ. ತಾಂಜಾನಿಯಾದ್ದು 'ಅರುಷಾ', ಬರ್ಮಾದ್ದು 'ಲೆಮನ್'. ಕಂಟೇನರ್ ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನಲ್ಲಿ ಇಳಿದಾಗ ಆಮದುದಾರ ಕಸ್ಟಮ್ಸ್‌ಗೆ 'ಬಿಲ್ ಆಫ್ ಎಂಟ್ರಿ' ಸಲ್ಲಿಸಬೇಕು. ಅದರಲ್ಲಿ ಮಾಲಿನ ಕೋಡ್ 0713 60 00 ಎಂದಿರುತ್ತದೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆ ಅದನ್ನು ನಿಗದಿ ಮಾಡುತ್ತದೆ. ಕೊನೆಯ ಎರಡು ಅಂಕಿ ನಮ್ಮವು.

ಈ ಕೋಡ್ ಹಿಡಿದು ಅಧಿಕಾರಿ ನೋಡುವ ಮೊದಲ ವಿಷಯ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪಟ್ಟಿಯಲ್ಲಿ ಈ ಮಾಲು 'ಮುಕ್ತ' ಎಂದಿದೆಯೋ, 'ನಿರ್ಬಂಧಿತ' ಎಂದಿದೆಯೋ ಅನ್ನುವುದು. ಡಿಜಿಎಫ್‌ಟಿ ಅಂತ ಕರೆಯುವುದು ಇದನ್ನೇ. 1992ರ ವಿದೇಶ ವ್ಯಾಪಾರ ಕಾಯ್ದೆ ಅದಕ್ಕೆ ಈ ಅಧಿಕಾರ ಕೊಟ್ಟಿದೆ. ಆಮೇಲೆ ಸುಂಕ. ಅದು ಹಣಕಾಸು ಸಚಿವಾಲಯದ ಕೈಯಲ್ಲಿದೆ, ಒಂದು ಅಧಿಸೂಚನೆ ಹೊರಡಿಸಿದರೆ ರಾತ್ರೋರಾತ್ರಿ ಬದಲಾಗುತ್ತದೆ. ಅದರ ಜೊತೆಗೆ ಮೂಲ ದೇಶದ ಪ್ರಮಾಣಪತ್ರ, ಗಿಡದ ರೋಗ-ಕೀಟ ಇಲ್ಲ ಎಂಬ ಪ್ರಮಾಣಪತ್ರ, ಕೀಟ ಸಾಯಲು ಹೊಗೆ ಹಾಕಿಸಿದ ದಾಖಲೆ, ಆಹಾರ ಸುರಕ್ಷತಾ ಪ್ರಾಧಿಕಾರದ ಸ್ಯಾಂಪಲ್. ಇಷ್ಟು ದಾಟಿದರೆ ಲಾರಿ ಹತ್ತಿ ಕಲಬುರಗಿಗೆ ಬರುತ್ತದೆ.

ಇದರಲ್ಲಿ ಮೂಲ ದೇಶದ ಪ್ರಮಾಣಪತ್ರವನ್ನು ಯಾರೂ ಗಮನಿಸುವುದಿಲ್ಲ, ತೊಗರಿಯ ವಿಷಯದಲ್ಲಿ ಮುಖ್ಯವಾದದ್ದು ಅದೇ. 2008ರಲ್ಲಿ ಭಾರತ ಅತಿ ಹಿಂದುಳಿದ ದೇಶಗಳಿಗೆ ಸುಂಕ ವಿನಾಯಿತಿಯ ಒಂದು ಯೋಜನೆ ತಂದಿತು. 2014ರಲ್ಲಿ ಅದನ್ನು ಇನ್ನೂ ಹಿಗ್ಗಿಸಿತು. ಮೊಜಾಂಬಿಕ್, ಮಲಾವಿ, ತಾಂಜಾನಿಯಾ, ಮ್ಯಾನ್ಮಾರ್ ಎಲ್ಲವೂ ಆ ಪಟ್ಟಿಯ ದೇಶಗಳು. ನಮಗೆ ತೊಗರಿ ಬರುವುದು ಹೆಚ್ಚಾಗಿ ಅಲ್ಲಿಂದಲೇ, ಅಲ್ವಾ? ಅಂದರೆ ಶೇ 10ರ ಸುಂಕ ಇದ್ದ ಕಾಲದಲ್ಲೂ ಪ್ರಮಾಣಪತ್ರ ಇದ್ದ ಆ ಮಾಲು ಸುಂಕವಿಲ್ಲದೇ ಬರುತ್ತಿತ್ತು. 'ಸುಂಕ ಹಾಕಿ' ಎಂದು ಸುಮ್ನೆ ಮನವಿ ಕೊಟ್ಟರೆ, ಸರ್ಕಾರ ಅದನ್ನು ಒಪ್ಪಿದರೂ, ನಿಮ್ಮ ಗೋದಾಮಿನ ಚೀಲಕ್ಕೆ ಅದು ತಟ್ಟದೇ ಹೋಗಬಹುದು.

ಇದರ ಮೇಲೆ ಸರ್ಕಾರ-ಸರ್ಕಾರಗಳ ನಡುವಿನ ಒಪ್ಪಂದಗಳೂ ಇವೆ. 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ಬೇಳೆಕಾಳು ಖರೀದಿಯ ಒಪ್ಪಂದವಾಯಿತು. 1 ಲಕ್ಷ ಟನ್‌ನಿಂದ ಶುರುವಾಗಿ ಐದನೇ ವರ್ಷಕ್ಕೆ 2 ಲಕ್ಷ ಟನ್ ಆಗಬೇಕಿತ್ತು. 2021ರಲ್ಲಿ ಅದನ್ನು ವರ್ಷಕ್ಕೆ 2 ಲಕ್ಷ ಟನ್ನಂತೆ ಇನ್ನೂ ಐದು ವರ್ಷಕ್ಕೆ ಮುಂದುವರಿಸಿದರು. ಅದೇ ವರ್ಷ ಮ್ಯಾನ್ಮಾರ್‌ನಿಂದ 1 ಲಕ್ಷ ಟನ್, ಮಲಾವಿಯಿಂದ 50 ಸಾವಿರ ಟನ್ ತೊಗರಿಗೂ ಮಾತಾಯಿತು. ಈ ಮಾತು ಕೊಟ್ಟಿದ್ದು ನಾವೇ. ಡಬ್ಲ್ಯೂಟಿಒ ಕೇಳಿರಲಿಲ್ಲ.

ಸರ್ಕಾರಕ್ಕೆ ಕೈ ಕಟ್ಟಿಲ್ಲ ಅನ್ನುವುದಕ್ಕೆ ಇನ್ನೂ ದೊಡ್ಡ ಸಾಕ್ಷಿ 2017ರಲ್ಲೇ ಇದೆ. ಅದಕ್ಕೂ ಮೊದಲು, 2015ರಲ್ಲಿ, ಬರದಿಂದ ಬೆಳೆ ಹೋಗಿ ನಗರಗಳಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆ ದರ ನೋಡಿ ಮರುವರ್ಷ ರೈತರು ಮುಗಿಬಿದ್ದು ತೊಗರಿ ಬಿತ್ತಿದರು. ಮಳೆಯೂ ಕೈ ಹಿಡಿಯಿತು. ದೇಶದ ತೊಗರಿ ಉತ್ಪಾದನೆ ಸುಮಾರು 25 ಲಕ್ಷ ಟನ್‌ನಿಂದ ಸುಮಾರು 48 ಲಕ್ಷ ಟನ್‌ಗೆ ಹಾರಿತು. ಹೊರಗಿನಿಂದಲೂ ಹಡಗುಗಳು ಬರುತ್ತಲೇ ಇದ್ದವು. 5,050 ರೂಪಾಯಿ ಬೆಂಬಲ ಬೆಲೆ ಇದ್ದ ಮಾಲು ಗಂಜ್‌ನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಯಿತು. ಕಲಬುರಗಿಯ ಖರೀದಿ ಕೇಂದ್ರಗಳ ಮುಂದೆ ಚೀಲದ ಮೇಲೆ ಮಲಗಿ ಸರದಿ ಕಾದ ರೈತರನ್ನು ನಿಮ್ಮ ಅಪ್ಪ ಮರೆತಿರಲಿಕ್ಕಿಲ್ಲ.

ಆಗ, 2017ರ ಆಗಸ್ಟ್ 5ರಂದು, ಡಿಜಿಎಫ್‌ಟಿ ಒಂದು ಅಧಿಸೂಚನೆ ಹೊರಡಿಸಿತು. ವರ್ಷಕ್ಕೆ 2 ಲಕ್ಷ ಟನ್‌ಗಿಂತ ಹೆಚ್ಚು ತೊಗರಿ ಆಮದಾಗುವಂತಿಲ್ಲ. ಅದೇ ತಿಂಗಳು ಹೆಸರು, ಉದ್ದಿಗೂ 3 ಲಕ್ಷ ಟನ್‌ನ ಕಟ್ಟು ಬಿತ್ತು. ಪ್ರಮಾಣಕ್ಕೆ ಕಟ್ಟು ಹಾಕಬಾರದು ಎಂಬ ನಿಯಮ ಮೇಲೆ ಹೇಳಿದೆನಲ್ಲ, ಇದು ಅದಕ್ಕೆ ಎದುರಾದ ಕ್ರಮ. ಈ ನಿಯಮದ ಬಿಸಿ ಭಾರತಕ್ಕೆ ಮೊದಲೇ ತಟ್ಟಿತ್ತು. ವಿದೇಶಿ ವಿನಿಮಯದ ಕೊರತೆ ಎಂಬ ಕಾರಣ ಕೊಟ್ಟು ದಶಕಗಟ್ಟಲೆ ನಾವು ಹಾಕಿಕೊಂಡಿದ್ದ ಇಂಥ ನಿರ್ಬಂಧಗಳ ವಿರುದ್ಧ ಅಮೆರಿಕ ದೂರು ಕೊಟ್ಟು, 1999ರಲ್ಲಿ ನಾವು ಸೋತು, 2001ರ ಏಪ್ರಿಲ್ 1ರ ಹೊತ್ತಿಗೆ ಅವನ್ನೆಲ್ಲ ತೆಗೆಯಬೇಕಾಯಿತು. ಹಾಗಿದ್ದೂ 2017ರ ಕಟ್ಟು ಸುಮಾರು ನಾಲ್ಕು ವರ್ಷ ನಿಂತಿತು. ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ಡಬ್ಲ್ಯೂಟಿಒ ಸಮಿತಿ ಸಭೆಗಳಲ್ಲಿ ಮತ್ತೆ ಮತ್ತೆ ಪ್ರಶ್ನೆ ಎತ್ತಿದವು. ಭಾರತ ಉತ್ತರ ಕೊಡುತ್ತಾ ಹೋಯಿತು.

ನಮ್ಮಲ್ಲೇ ಕೆಲವು ಆಮದುದಾರರು ಹೈಕೋರ್ಟ್‌ಗಳಿಗೆ ಹೋಗಿ ಮಧ್ಯಂತರ ಆದೇಶ ತಂದು ಮಾಲು ಇಳಿಸಿಕೊಂಡರು. ಗ್ಯಾಟ್ ಪ್ರಕಾರ ಈ ನಿರ್ಬಂಧ ತಪ್ಪು ಎಂಬುದು ಅವರ ವಾದಗಳಲ್ಲಿ ಒಂದು. 2020ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಸರ್ಕಾರದ ಅಧಿಸೂಚನೆಗಳನ್ನು ಎತ್ತಿಹಿಡಿಯಿತು. ಸಂಸತ್ತು ಮಾಡಿದ 1992ರ ಕಾಯ್ದೆ ಸರ್ಕಾರಕ್ಕೆ ಈ ಅಧಿಕಾರ ಕೊಟ್ಟಿದೆ, ಅಷ್ಟು ಸಾಕು ಎಂದಾಯಿತು. 'ಸರ್ಕಾರದ ಕೈ ಕಟ್ಟಿದೆ' ಅಂತ ಯಾರಾದರೂ ಹೇಳಿದರೆ ಈ ತೀರ್ಪಿನ ತಾರೀಖು ಹೇಳಿ.

ಮತ್ತೆ ಗಾಳಿ ತಿರುಗಿದ್ದು 2021ರಲ್ಲಿ. ಬೇಳೆ ದರ ಏರತೊಡಗಿತು. ಮೇ 15ರಂದು ತೊಗರಿಯನ್ನು 'ನಿರ್ಬಂಧಿತ'ದಿಂದ 'ಮುಕ್ತ' ಪಟ್ಟಿಗೆ ಹಾಕಿದರು. ಮೊದಲು ಆ ವರ್ಷದ ಅಕ್ಟೋಬರ್‌ವರೆಗೆ ಎಂದರು. ಆಮೇಲೆ ವರ್ಷ ವರ್ಷ ಗಡುವು ಮುಂದೆ ಹೋಯಿತು. 2025ರ ಜನವರಿಯಲ್ಲಿ ಅದನ್ನು 2026ರ ಮಾರ್ಚ್ 31ರವರೆಗೆ ಎಳೆದರು. ಬಟಾಣಿಯಲ್ಲೂ ಇದೇ ಆಟ. 2017ರಲ್ಲಿ ಶೇ 50 ಸುಂಕ, 2023ರ ಡಿಸೆಂಬರ್‌ನಲ್ಲಿ ಸೊನ್ನೆ, 2025ರ ನವೆಂಬರ್‌ನಿಂದ ಹಳದಿ ಬಟಾಣಿಗೆ ಮತ್ತೆ ಶೇ 30. ಗ್ರಾಹಕರ ಕಡೆ ತೂಗಿದಾಗ ಬಾಗಿಲು ತೆರೆಯುತ್ತದೆ, ರೈತರ ಕಡೆ ತೂಗಿದಾಗ ಮುಚ್ಚುತ್ತದೆ. ಬೇಳೆ ತಿನ್ನುವ ಬಡವರ ಮನೆಯೂ ಸರ್ಕಾರ ನೋಡಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿತ್ತುವಾಗ ಒಂದು ನೀತಿ, ರಾಶಿ ಮಾಡುವಾಗ ಇನ್ನೊಂದು ನೀತಿ ಇದ್ದರೆ ರೈತ ಏನು ನಂಬಿ ಬೀಜ ಹಾಕಬೇಕು? ಆರು ತಿಂಗಳು ಹೊಲದಲ್ಲಿ ನಿಲ್ಲುವ ಬೆಳೆ ಇದು. ಸುಂಕ ಎಷ್ಟು ಅನ್ನುವುದಕ್ಕಿಂತ ಅದು ಯಾವಾಗ ಬದಲಾಗುತ್ತದೆ ಅನ್ನುವುದೇ ಕಲಬುರಗಿಗೆ ಹೆಚ್ಚು ಪೆಟ್ಟು ಕೊಟ್ಟಿದೆ ಎಂದು ನಾನು ನಂಬಿದ್ದೇನೆ.

ಈಗ ನಿಮ್ಮ ಮುಂದಿನ ಪ್ರಶ್ನೆ. ಬೆಂಬಲ ಬೆಲೆಗಿಂತ ಕಡಿಮೆ ದರದ ಮಾಲು ಬರಬಾರದು ಎಂದು ಕೇಳುವುದರ ಉದ್ದೇಶ ನೂರಕ್ಕೆ ನೂರು ಸರಿ. ಕೇಳುವ ರೂಪದಲ್ಲಿ ತೊಡಕಿದೆ. ಕೃಷಿ ಒಪ್ಪಂದದ 4ನೇ ವಿಧಿಗೆ ಒಂದು ಅಡಿಟಿಪ್ಪಣಿ ಇದೆ. ಬಳಸಬಾರದ ತಡೆಗಳ ಪಟ್ಟಿ ಅದು. ಅದರಲ್ಲಿ 'ಕನಿಷ್ಠ ಆಮದು ಬೆಲೆ' ಎಂದು ಸ್ಪಷ್ಟವಾಗಿ ಬರೆದಿದೆ. ಹೊರಗಿನ ದರ ಇಳಿದಷ್ಟೂ ತಾನಾಗಿಯೇ ಏರುವ ಸುಂಕವೂ ಅದೇ ಪಟ್ಟಿಯಲ್ಲಿದೆ. ಭಾರತ ಇದನ್ನು ಬಳಸಿಯೇ ಇಲ್ಲ ಅಂತಲ್ಲ. 2019ರ ಡಿಸೆಂಬರ್‌ನಲ್ಲಿ ಬಟಾಣಿಗೆ ಕಿಲೋಗೆ 200 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತ್ತು, ಅದೂ ಕೋಲ್ಕತ್ತಾ ಬಂದರಿನಿಂದ ಮಾತ್ರ ಬರಬೇಕೆಂದಿತ್ತು. ಆದರೆ ಅದು ಕಾನೂನಿನ ಗಟ್ಟಿ ನೆಲವಲ್ಲ. ಯಾರಾದರೂ ದೂರು ಕೊಟ್ಟರೆ ಸಮರ್ಥಿಸಿಕೊಳ್ಳುವುದು ಕಷ್ಟ.

ಅದೇ ಕೆಲಸವನ್ನು ಸುಂಕದಿಂದ ಮಾಡಿದರೆ ಯಾರೂ ಬೆರಳು ತೋರಿಸುವಂತಿಲ್ಲ. ಒಂದು ಲೆಕ್ಕ ನೋಡಿ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಹೊರಗಿನ ಮಾಲು ಬಂದರಿನಲ್ಲಿ 6,500ಕ್ಕೆ ಬಿತ್ತು ಅಂತ ಇಟ್ಟುಕೊಳ್ಳಿ. ಶೇ 23 ಸುಂಕ ಹಾಕಿದರೆ ಅದು 7,995 ಆಗುತ್ತದೆ. 5,500ಕ್ಕೆ ಬಿದ್ದರೂ ಶೇ 46 ಸಾಕು. ಬೆಂಬಲ ಬೆಲೆಯ ಮಟ್ಟಕ್ಕೆ ಬರಲು ಶೇ 100ರ ಹತ್ತಿರಕ್ಕೂ ಹೋಗಬೇಕಿಲ್ಲ. ಹಾಗಾಗಿ ಮನವಿಯಲ್ಲಿ 'ಕನಿಷ್ಠ ಬೆಲೆ' ಎಂಬ ಮಾತು ಬಿಟ್ಟು 'ಸುಂಕ' ಎಂದು ಬರೆಯಿರಿ.

'ಇದು ಡಂಪಿಂಗ್, ಆ್ಯಂಟಿ ಡಂಪಿಂಗ್ ಸುಂಕ ಹಾಕಿ' ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಇದು ಬಹುಮಟ್ಟಿಗೆ ತಪ್ಪು ದಾರಿ. ತಮ್ಮ ದೇಶದ ಪೇಟೆಗಿಂತ ಕಡಿಮೆ ದರಕ್ಕೆ ಇಲ್ಲಿ ಮಾರಿದರೆ ಮಾತ್ರ ಅದು ಡಂಪಿಂಗ್. ಜೊತೆಗೆ ಅದರಿಂದಲೇ ನಮಗೆ ಹಾನಿಯಾಯಿತು ಎಂದು ತೋರಿಸಬೇಕು. ಮೊಜಾಂಬಿಕ್ ರೈತ ತೊಗರಿ ಬೆಳೆಯುವುದೇ ಹೆಚ್ಚಾಗಿ ನಮಗೆ ಮಾರಲು. ಅವನೂ ಕೆಲವೇ ಎಕರೆಯ ಮಳೆಯಾಶ್ರಿತ ರೈತ. ಅವನ ಮಾಲು ಅಗ್ಗ ಇರುವುದು ಅವನ ಖರ್ಚು, ಕೂಲಿ ಕಡಿಮೆ ಇರುವುದರಿಂದ. 2017ರಲ್ಲಿ ನಾವು ಬಾಗಿಲು ಹಾಕಿದಾಗ ಅಲ್ಲಿ ತೊಗರಿ ದರ ಪಾತಾಳಕ್ಕೆ ಹೋಯಿತು. ಮಾರಲಾಗದೆ ಮನೆಯಲ್ಲಿಟ್ಟುಕೊಂಡವರೂ ಇದ್ದರು. ಬಿತ್ತಿ ಎಂದು ಆಸೆ ತೋರಿಸಿದ್ದೂ ನಾವೇ, ಮುಂದಿನ ವರ್ಷ ಬಾಗಿಲು ಹಾಕಿದ್ದೂ ನಾವೇ. ಇದನ್ನು ಹೇಳುವುದು ನಮ್ಮ ರೈತರ ನೋವು ಸಣ್ಣದು ಎಂದಲ್ಲ. ದಿಢೀರ್ ನೀತಿ ಎರಡೂ ಕಡೆಯ ರೈತರನ್ನು ಹೊಡೆಯುತ್ತದೆ, ನಡುವೆ ದಾಸ್ತಾನು ಇಟ್ಟವರು ಬದುಕಿಕೊಳ್ಳುತ್ತಾರೆ ಎಂದು ಹೇಳುತ್ತಿದ್ದೇನೆ.

ಹಾಗಾದರೆ ಆ ಕಾಲು ಭಾಗ ನಿಜ ಎಲ್ಲಿದೆ? ಅದು ಇರುವುದು ಬೆಂಬಲ ಬೆಲೆಯಲ್ಲಿ. ಸರ್ಕಾರ ದರ ನಿಗದಿ ಮಾಡಿ ಕೊಳ್ಳುವುದನ್ನು ಕೃಷಿ ಒಪ್ಪಂದ ವ್ಯಾಪಾರವನ್ನು ತಿರುಚುವ ಸಹಾಯ ಎಂದು ಎಣಿಸುತ್ತದೆ. ಭಾರತದಂಥ ದೇಶಕ್ಕೆ ಅದರ ಮಿತಿ, ಆ ಬೆಳೆಯ ಒಟ್ಟು ಉತ್ಪಾದನೆಯ ಮೌಲ್ಯದ ಶೇ 10. ಶ್ರೀಮಂತ ದೇಶಗಳಿಗೆ ಶೇ 5, ಆದರೆ ಅವರಲ್ಲಿ ಹಲವರು ಇದರ ಮೇಲೆ ದೊಡ್ಡ ಮೊತ್ತದ ಸಹಾಯ ಕೊಡುವ ಹಳೆಯ ಹಕ್ಕನ್ನೂ ಉಳಿಸಿಕೊಂಡಿದ್ದಾರೆ. ಅನ್ಯಾಯ ಎಲ್ಲಿದೆ ಗೊತ್ತಾ? ಸಹಾಯ ಎಷ್ಟು ಎಂದು ಲೆಕ್ಕ ಹಾಕಲು ಇವತ್ತಿನ ಬೆಂಬಲ ಬೆಲೆಯನ್ನು 1986-88ರ ಅಂತರರಾಷ್ಟ್ರೀಯ ಬೆಲೆಯ ಜೊತೆ ಹೋಲಿಸುತ್ತಾರೆ. ಆಗಿನಿಂದ ಈಗಿನವರೆಗೆ ಡೀಸೆಲ್, ಕೂಲಿ, ಗೊಬ್ಬರ ಎಷ್ಟು ಏರಿವೆ ಎಂದು ನಿಮ್ಮ ಅಪ್ಪನನ್ನು ಕೇಳಿ. ಹಣದುಬ್ಬರ ಕಳೆಯದೆ ಮಾಡುವ ಈ ಲೆಕ್ಕದಲ್ಲಿ ರೈತನಿಗೆ ಒಂದು ರೂಪಾಯಿ ಲಾಭ ಸಿಗದಿದ್ದರೂ 'ಸಹಾಯ' ದೊಡ್ಡದಾಗಿ ಕಾಣುತ್ತದೆ.

2019ರ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಜಿನೀವಾದಲ್ಲಿ ಒಂದು ಕಾಗದ ಮಂಡಿಸಿದವು. ಕಡಲೆ, ತೊಗರಿ, ಹೆಸರು, ಉದ್ದು, ಮಸೂರ ಐದಕ್ಕೂ ಭಾರತ ಮಿತಿ ಮೀರಿ ಸಹಾಯ ಕೊಡುತ್ತಿದೆ ಎಂಬುದು ಅವರ ಆರೋಪ. ಇಡೀ ದೇಶದ ಬೆಳೆಗೆಲ್ಲ ಬೆಂಬಲ ಬೆಲೆ ಸಿಕ್ಕಿದೆ ಎಂದು ಹಿಡಿದು ಅವರು ಲೆಕ್ಕ ಹಾಕಿದ್ದರು. ನಿಜವಾಗಿ ಕೊಂಡಷ್ಟಕ್ಕೆ ಮಾತ್ರ ಲೆಕ್ಕ ಹಾಕಬೇಕು ಎಂಬುದು ಭಾರತದ ನಿಲುವು. ಖರೀದಿ ಕೇಂದ್ರದ ಸರದಿಯಲ್ಲಿ ನಿಂತವರಿಗೆ ಯಾವುದು ನಿಜ ಎಂದು ಚೆನ್ನಾಗಿ ಗೊತ್ತು. 2013ರಲ್ಲಿ ಬಾಲಿ ಸಮ್ಮೇಳನದಲ್ಲಿ ಒಂದು ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಆಹಾರ ಭದ್ರತೆಗೆ ದಾಸ್ತಾನು ಮಾಡುವ, ಆಗಲೇ ಜಾರಿಯಲ್ಲಿದ್ದ ಯೋಜನೆಗಳು ಮಿತಿ ಮೀರಿದರೂ ಷರತ್ತುಗಳ ಮೇಲೆ ಯಾರೂ ದೂರು ಕೊಡುವಂತಿಲ್ಲ. 2018-19ರ ಭತ್ತದ ಖರೀದಿ ಶೇ 10 ದಾಟಿದಾಗ ಭಾರತ ಇದನ್ನು ಬಳಸಿಕೊಂಡಿತು. ಶಾಶ್ವತ ಪರಿಹಾರದ ಮಾತು ಬಾಲಿಯಿಂದ ಈಚೆಗೆ ನಡೆದೇ ಇದೆ. ಈ ಹಳೆಯ ಲೆಕ್ಕದ ವಿಷಯದಲ್ಲಿ ಮಾತ್ರ ನಮ್ಮ ಹೋರಾಟ ನಿಜವಾಗಿಯೂ ಜಿನೀವಾದ ಜೊತೆ.

ನಿಯಮ ಮುರಿದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಚಿಕ್ಕದಾಗಿ ಹೇಳುತ್ತೇನೆ. ದೂರು ಕೊಟ್ಟ ದೇಶ ಮೊದಲು ಮಾತುಕತೆಗೆ ಕರೆಯಬೇಕು. 60 ದಿನದಲ್ಲಿ ಬಗೆಹರಿಯದಿದ್ದರೆ ತಜ್ಞರ ಸಮಿತಿ ವಿಚಾರಣೆ ಮಾಡುತ್ತದೆ. ಅದರ ಮೇಲೆ ಏಳು ಜನರ ಮೇಲ್ಮನವಿ ಪೀಠ. ಸೋತ ದೇಶ ತಿದ್ದಿಕೊಳ್ಳದಿದ್ದರೆ ಗೆದ್ದ ದೇಶ ಅದರ ಮಾಲಿನ ಮೇಲೆ ಪ್ರತಿಸುಂಕ ಹಾಕಬಹುದು. ಆದರೆ ಆ ಪೀಠದ ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್‌ನಿಂದ ಮೇಲ್ಮನವಿ ಪೀಠ ಕೆಲಸ ನಿಲ್ಲಿಸಿದೆ. ನಮ್ಮ ಸಕ್ಕರೆ ಮತ್ತು ಕಬ್ಬಿನ ನೆರವಿನ ಮೇಲೆ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ ದಾವೆಯಲ್ಲಿ 2021ರ ಡಿಸೆಂಬರ್‌ನಲ್ಲಿ ನಾವು ಸೋತೆವು. ಮುಂದಿನ ತಿಂಗಳೇ ಮೇಲ್ಮನವಿ ಹಾಕಿದೆವು. ಕೇಳಲು ಪೀಠವೇ ಇಲ್ಲದ್ದರಿಂದ ಅದು ಅಲ್ಲೇ ನಿಂತಿತು. ಬೀದರ್ ಕಡೆಯ ಕಬ್ಬು ಬೆಳೆಗಾರರಿಗೆ ಇದು ಸದ್ಯಕ್ಕೆ ನಿರಾಳ ಅನ್ನಿಸಬಹುದು. ಆದರೆ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಬಹಳಷ್ಟು ಮಾಲಿಗೆ ಶೇ 50 ಸುಂಕ ಹಾಕಿದಾಗ ನಮಗೂ ನ್ಯಾಯ ಕೇಳಲು ಗಟ್ಟಿಯಾದ ಜಾಗ ಇರಲಿಲ್ಲ. ಪಂಚರಿಲ್ಲದ ಊರಿನಲ್ಲಿ ಬಲಾಢ್ಯನ ಮಾತೇ ನಡೆಯುತ್ತದೆ. ಹಾಗಾಗಿ 'ಡಬ್ಲ್ಯೂಟಿಒ ಬಿಟ್ಟು ಹೊರಗೆ ಬರಬೇಕು' ಎಂಬ ಕೂಗಿಗೆ ನನ್ನ ಒಪ್ಪಿಗೆ ಇಲ್ಲ.

ಇನ್ನು ನಿಮ್ಮ ಕಂಪನಿ ಬೇಳೆ ಕಳಿಸುವ ವಿಚಾರ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ನೋಂದಣಿ ಸಿಕ್ಕಿತು. ಬೀದರಿನ ಬಿದರಿ ಕಲೆಗೆ ಅದಕ್ಕೂ ಎಷ್ಟೋ ಮೊದಲೇ ಸಿಕ್ಕಿತ್ತು. ಬೌದ್ಧಿಕ ಆಸ್ತಿ ಕುರಿತ ಡಬ್ಲ್ಯೂಟಿಒ ಒಪ್ಪಂದಕ್ಕೆ ಹೊಂದಿಕೊಂಡು ನಾವು ಮಾಡಿದ 1999ರ ಕಾಯ್ದೆಯ ಕೆಳಗೆ ಇವು ಬರುತ್ತವೆ. ಈ ನೋಂದಣಿ ಭಾರತದ ಒಳಗೆ ಮಾತ್ರ ನಡೆಯುತ್ತದೆ. ದುಬೈನಲ್ಲೋ ಲಂಡನ್‌ನಲ್ಲೋ ಯಾರಾದರೂ ಬರ್ಮಾ ಬೇಳೆಯನ್ನು ಕಲಬುರಗಿ ಬೇಳೆ ಎಂದು ಮಾರಿದರೆ, ಅವರನ್ನು ಸುಲಭವಾಗಿ ತಡೆಯಲು ಆಯಾ ದೇಶದಲ್ಲೂ ನೋಂದಣಿ ಬೇಕು. ಅದೇ ಒಪ್ಪಂದದಲ್ಲಿ ವೈನ್, ಮದ್ಯಕ್ಕೆ ಹೆಚ್ಚಿನ ರಕ್ಷಣೆ ಇದೆ, ಬೇಳೆಗೆ ಇಲ್ಲ. ಯುರೋಪಿನ ದ್ರಾಕ್ಷಾರಸಕ್ಕೆ ಇರುವ ಮರ್ಯಾದೆ ನಮ್ಮ ಬೇಳೆಗೂ ಬೇಕು ಎಂದು ಭಾರತ ಕೇಳುತ್ತಲೇ ಬಂದಿದೆ. ಜಿಐ ಹೆಸರು ಬಳಸಲು ನಿಮ್ಮ ಸದಸ್ಯ ರೈತರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಕಲಬುರಗಿಯಲ್ಲೇ ಇರುವ ತೊಗರಿ ಅಭಿವೃದ್ಧಿ ಮಂಡಳಿಯಲ್ಲಿ ವಿಚಾರಿಸಿ.

ಹೆಸರಿಗಿಂತ ಮೊದಲು ನಿಮ್ಮನ್ನು ತಡೆಯುವುದು ಕೀಟನಾಶಕದ ಉಳಿಕೆ. ಆರೋಗ್ಯದ ಕಾರಣಕ್ಕೆ ಪ್ರತಿ ದೇಶವೂ ತನ್ನದೇ ಮಿತಿ ಇಡಬಹುದು. ಅದಕ್ಕೆ ವೈಜ್ಞಾನಿಕ ಆಧಾರ ಇರಬೇಕು ಎಂಬುದಷ್ಟೇ ಡಬ್ಲ್ಯೂಟಿಒ ಷರತ್ತು. ಯುರೋಪ್ ಒಕ್ಕೂಟದಲ್ಲಿ ಪ್ರತ್ಯೇಕ ಮಿತಿ ಬರೆದಿರದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಅಷ್ಟೇ. ಕಾಯಿಕೊರಕ ಹುಳಕ್ಕೆ ಅಂಗಡಿಯವರು ಕೊಟ್ಟ ಕೀಟನಾಶಕವನ್ನು ಹೊಡೆದ ಮಾಲು ಅಲ್ಲಿ ಪಾಸಾಗುವುದು ಕಷ್ಟ. ಆದ್ದರಿಂದ ರಫ್ತಿಗೆ ಎಂದು ಕೆಲವು ರೈತರ ಹೊಲಗಳನ್ನು ಬಿತ್ತನೆಯ ಮೊದಲೇ ಗುರುತಿಸಿ, ಏನು ಹೊಡೆದರು, ಯಾವಾಗ ಹೊಡೆದರು ಎಂದು ವಹಿ ಇಡಿ. ಮೊದಲ ಕಳುಹಿಕೆಗೆ ಕೊಲ್ಲಿ ದೇಶಗಳ ನಮ್ಮ ಜನರ ಅಂಗಡಿಗಳು ಸುಲಭ. ಇನ್ನೊಂದು ಎಚ್ಚರಿಕೆ: 2006ರಲ್ಲಿ ಬೇಳೆಕಾಳು ರಫ್ತು ನಿಷೇಧವಾಗಿ 2017ರಲ್ಲಿ ತೆರವಾಯಿತು. ಆಹಾರದ ತೀವ್ರ ಕೊರತೆಗೆ ತಾತ್ಕಾಲಿಕ ರಫ್ತು ತಡೆ ಹಾಕಲು ಗ್ಯಾಟ್ ಅವಕಾಶ ಕೊಡುತ್ತದೆ, ನಮ್ಮ 'ತಾತ್ಕಾಲಿಕ' ಹನ್ನೊಂದು ವರ್ಷ ನಡೆಯಿತು. ಆದ್ದರಿಂದ ಮುಂಗಡ ಒಪ್ಪಂದದಲ್ಲಿ, ಸರ್ಕಾರ ರಫ್ತು ತಡೆದರೆ ದಂಡ ಇಲ್ಲ ಎಂಬ ಷರತ್ತು ಬರೆಸದೆ ಸಹಿ ಹಾಕಬೇಡಿ.

ಕೊನೆಯದಾಗಿ, ಮನವಿ ಯಾರಿಗೆ, ಏನೆಂದು ಬರೆಯಬೇಕು? ಆಫ್ರಿಕಾದ ರಾಶಿ ಆಗಸ್ಟ್, ಸೆಪ್ಟೆಂಬರ್‌ಗೆ ಮುಗಿದು ಮಾಲು ನಮ್ಮ ಬಂದರಿಗೆ ಬರುವಷ್ಟರಲ್ಲಿ ನಮ್ಮ ಹೊಲದಲ್ಲಿ ಕಾಯಿ ಕಟ್ಟಿರುತ್ತದೆ. ಡಿಸೆಂಬರ್, ಜನವರಿಗೆ ಎರಡೂ ಒಂದೇ ಗೋದಾಮಿನಲ್ಲಿ ಎದುರಾಗುತ್ತವೆ. ಹಾಗಾಗಿ ವರ್ಷವಿಡೀ ಸುಂಕ ಕೇಳುವ ಬದಲು ನವೆಂಬರ್‌ನಿಂದ ಮಾರ್ಚ್‌ವರೆಗಿನ ಹಂಗಾಮಿನ ಸುಂಕ ಕೇಳಿ. ನಾವು ಬರೆದುಕೊಟ್ಟ ಮಿತಿಯೊಳಗೆ ಇರುವವರೆಗೂ ಇದಕ್ಕೆ ನಿಯಮದ ಅಡ್ಡಿ ಇಲ್ಲ. ಉಳಿದ ತಿಂಗಳು ಮಾಲು ಬಂದರೆ ಗ್ರಾಹಕರಿಗೂ ಕಷ್ಟವಿಲ್ಲ. ಹಿಂದುಳಿದ ದೇಶಗಳ ಸುಂಕ ವಿನಾಯಿತಿಯಿಂದ ಆ ಐದು ತಿಂಗಳು ತೊಗರಿಯನ್ನು ಹೊರಗಿಡಿ ಎಂದೂ ಬರೆಯಿರಿ. ಆ ಯೋಜನೆ ನಾವಾಗಿ ಕೊಟ್ಟದ್ದು, ಬದಲಿಸಲು ಬರುತ್ತದೆ. ಮತ್ತೆ, ಆ ವರ್ಷದ ನೀತಿಯನ್ನು ಬಿತ್ತನೆಗೆ ಮೊದಲು, ಮೇ ಒಳಗೆ ಪ್ರಕಟಿಸಲು ಕೇಳಿ. ಮನವಿ ಹೋಗಬೇಕಾದ್ದು ಕೇಂದ್ರ ವಾಣಿಜ್ಯ ಮತ್ತು ಹಣಕಾಸು ಸಚಿವಾಲಯಗಳಿಗೆ, ಗ್ರಾಹಕ ವ್ಯವಹಾರಗಳ ಇಲಾಖೆಗೆ, ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆ ಆಯೋಗಕ್ಕೆ. ಒಂದು ಪ್ರತಿ ನಮ್ಮ ರಾಜ್ಯದ ಕೃಷಿ ಬೆಲೆ ಆಯೋಗಕ್ಕೂ, ನಿಮ್ಮ ಸಂಸದರಿಗೂ ಇರಲಿ. ಮಿಲ್‌ನ ವಹಿಯಿಂದ ಒಂದು ಹಾಳೆ ಲಗತ್ತಿಸಿ: ಕಳೆದ ಮೂರು ಹಂಗಾಮಿನಲ್ಲಿ ವಾರವಾರ ಗಂಜ್ ಧಾರಣೆ ಎಷ್ಟಿತ್ತು, ಆಮದು ಮಾಲು ಯಾವ ದರಕ್ಕೆ ಬಂತು. ಮಾಲೀಕರ ಒಪ್ಪಿಗೆ ಪಡೆದು ಆ ಲೆಕ್ಕ ನೀವೇ ಬರೆಯಬಹುದು.